ಕಿವಿ ಸೋರಿದರೆ ಎಣ್ಣೆ ಬಿಡಬೇಡಿ: ಕಿವಿ, ಮೂಗು, ಗಂಟಲಿನ ಬಗ್ಗೆ ತಿಳಿದಿರಬೇಕಾದದ್ದು

ಬೆಂಗಳೂರಿನಿಂದ ಹೈದರಾಬಾದ್‌ಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬಾಗೇಪಲ್ಲಿ ದಾಟಿದರೆ ಆಂಧ್ರದ ಗಡಿಯಲ್ಲಿ ಕೊಡಿಕೊಂಡ ಚೆಕ್‌ಪೋಸ್ಟ್ ಸಿಗುತ್ತದೆ. ಲೇಪಾಕ್ಷಿ, ಹಿಂದೂಪುರಕ್ಕೆ ಇಲ್ಲಿಂದ ದಾರಿ ತಿರುಗುತ್ತದೆ. ಹಗಲೂ ರಾತ್ರಿ ಲಾರಿಗಳ ಹಾರ್ನ್, ಧೂಳು, ಹೊಗೆ. ಇಂಥ ಹೆದ್ದಾರಿ ಬದಿಯಲ್ಲಿ ಅಂಗಡಿ ಇಟ್ಟವರಿಗೆ, ಸ್ಟೀರಿಂಗ್ ಹಿಡಿದವರಿಗೆ ಮೂಗು ಕಟ್ಟುವುದು, ಗಂಟಲು ಕೆರೆಯುವುದು ದೊಡ್ಡ ವಿಷಯವೇ ಅಲ್ಲ. ಮೆಡಿಕಲ್‌ನಿಂದ ಎರಡು ಮಾತ್ರೆ ತಗೊಂಡ್ರೆ ಮುಗೀತು. ಊರಲ್ಲಿ ಮಕ್ಕಳ ಕಿವಿ ಸೋರಿದರೂ ಅಷ್ಟೇ, "ದೊಡ್ಡವನಾದ ಮೇಲೆ ಸರಿಯಾಗ್ತದೆ" ಅಂತ ಬಿಟ್ಟುಬಿಡುತ್ತಾರೆ. ಹೀಗೆ ಬಿಟ್ಟದ್ದರಿಂದ ಶ್ರವಣ ಶಕ್ತಿ ಕಳೆದುಕೊಂಡವರು ಕಡಿಮೆಯಿಲ್ಲ.

ಶೀತ ಮೂಗಿಗೆ, ನೋವು ಕಿವಿಗೆ

ಮೂಗಿನ ಹಿಂಭಾಗದಿಂದ ಕಿವಿಯ ಒಳಭಾಗಕ್ಕೆ ಒಂದು ಸಣ್ಣ ನಳಿಕೆ ಇದೆ. ಮಕ್ಕಳಲ್ಲಿ ಇದು ಗಿಡ್ಡ, ಹೆಚ್ಚು ಅಡ್ಡವಾಗಿಯೂ ಇರುತ್ತದೆ. ಹಾಗಾಗಿ ಶೀತದ ಸೋಂಕು ಸುಲಭವಾಗಿ ಕಿವಿಗೆ ಏರುತ್ತದೆ. ಕಿವಿಯ ತಮಟೆಯ ಹಿಂದೆ ಕೀವು ತುಂಬಿದಾಗ ಮಗು ರಾತ್ರಿಯಿಡೀ ಅಳುತ್ತದೆ. ತಮಟೆ ಒಡೆದು ಕೀವು ಹೊರಬಂದರೆ ನೋವು ಇಳಿಯುತ್ತದೆ, ಮನೆಯವರು ವಾಸಿಯಾಯಿತು ಅಂದುಕೊಳ್ಳುತ್ತಾರೆ. ಆದರೆ ತೂತು ಮುಚ್ಚದೇ ಉಳಿದರೆ ಕಿವಿ ವರ್ಷಗಟ್ಟಲೆ ಸೋರುತ್ತದೆ, ಕೇಳುವುದು ಕಡಿಮೆಯಾಗುತ್ತದೆ. ಕೆಲವರಲ್ಲಿ ಸೋಂಕು ಕಿವಿಯ ಎಲುಬನ್ನು ತಿನ್ನುತ್ತಾ ಮೆದುಳಿನವರೆಗೂ ಹೋಗಬಹುದು. ದುರ್ವಾಸನೆಯ ಕೀವು ಬರುತ್ತಿದ್ದರೆ ತಡ ಮಾಡಲೇಬಾರದು. ತೂತಾದ ತಮಟೆಯನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಲು ಸಾಧ್ಯವಿದೆ.

ಸೋರುವ ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಬಿಡಬಾರದು. ಸ್ನಾನ ಮಾಡುವಾಗ ವ್ಯಾಸಲಿನ್ ಹಚ್ಚಿದ ಹತ್ತಿಯನ್ನು ಕಿವಿಯ ಬಾಯಿಗಿಟ್ಟು ನೀರು ಹೋಗದಂತೆ ನೋಡಿಕೊಳ್ಳಬೇಕು. ಕೆರೆ, ಹೊಳೆಯಲ್ಲಿ ಮುಳುಗುವುದು ಬೇಡ. ರಮಝಾನ್‌ನಲ್ಲಿ ಕಿವಿ ಅಥವಾ ಮೂಗಿಗೆ ಹನಿ ಮದ್ದು ಇದ್ದರೆ ಇಫ್ತಾರ್ ನಂತರ ಮತ್ತು ಸಹರಿಗೆ ಮೊದಲು ಹಾಕಿಕೊಳ್ಳಬಹುದೇ ಎಂದು ಡಾಕ್ಟ್ರಲ್ಲಿ ಕೇಳಿ, ಉಪವಾಸದ ಮಸ್‌ಅಲ ಉಸ್ತಾದರಲ್ಲಿ ತಿಳಿದುಕೊಳ್ಳಿ. ಮದ್ದು ಮಾತ್ರ ಅರ್ಧಕ್ಕೆ ನಿಲ್ಲಿಸಬೇಡಿ.

ಇನ್ನು ಕಿವಿಯ ಗುಗ್ಗೆ. ಅದು ಕೊಳೆಯಲ್ಲ, ಕಿವಿಗೆ ರಕ್ಷಣೆ. ಸಾಮಾನ್ಯವಾಗಿ ತಾನಾಗಿ ಹೊರಬರುತ್ತದೆ. ಬಡ್ಸ್, ಪಿನ್ನು, ಬೈಕ್ ಕೀ ಹಾಕಿದರೆ ಇನ್ನಷ್ಟು ಒಳಗೆ ಹೋಗುತ್ತದೆ.

ಮೂಗು ಮತ್ತು ಗಂಟಲು

ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ನೀರಿನಂಥ ಸಿಂಬಳ, ಕಣ್ಣು ತುರಿಕೆ ಇದ್ದರೆ ಅದು ಹೆಚ್ಚಾಗಿ ಅಲರ್ಜಿ. ಇದಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಧೂಳಿನಲ್ಲಿ ಮಾಸ್ಕ್ ಮತ್ತು ಡಾಕ್ಟರ್ ಬರೆದುಕೊಟ್ಟ ಸ್ಪ್ರೇ ಸಹಾಯ ಮಾಡುತ್ತವೆ. ಮೂಗು ಬಿಡಿಸುವ ಹನಿಗಳನ್ನು ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮತ್ತೆ ಜೋರಾಗಿ ಕಟ್ಟುತ್ತದೆ, ಆ ಹನಿ ಇಲ್ಲದೆ ನಿದ್ದೆಯೇ ಬಾರದಂತಾಗುತ್ತದೆ.

ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವುದು ತಪ್ಪು. ಕುಳಿತು ಮುಂದಕ್ಕೆ ಬಾಗಿ, ಮೂಗಿನ ಮೃದು ಭಾಗವನ್ನು 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿದು ಬಾಯಿಯಲ್ಲಿ ಉಸಿರಾಡಬೇಕು.

ಗಂಟಲು ನೋವು ಬಹುಪಾಲು ವೈರಸ್‌ನಿಂದ ಬರುತ್ತದೆ, ವಾರದೊಳಗೆ ಇಳಿಯುತ್ತದೆ. ಆದರೆ ಸ್ವರ ಒಡೆದು ಮೂರು ವಾರ ಕಳೆದರೂ ಸರಿಯಾಗದಿದ್ದರೆ, ನುಂಗಲು ಕಷ್ಟವಾದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ ತೋರಿಸಲೇಬೇಕು. ಬೀಡಿ, ಸಿಗರೇಟು, ಗುಟ್ಕಾ ಚಟ ಇರುವವರಿಗೆ ಈ ಮಾತು ಇನ್ನೂ ಮುಖ್ಯ. ಕ್ಯಾನ್ಸರ್ ಆರಂಭದಲ್ಲೇ ಸಿಕ್ಕಿದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಇವಕ್ಕೆ ಕಾಯಬೇಡಿ

- ಒಂದು ಕಿವಿ ಹಠಾತ್ ಕೇಳಿಸದಾದರೆ ಅಂದೇ ತೋರಿಸಿ. ತಡವಾದಷ್ಟೂ ಚಿಕಿತ್ಸೆ ಫಲಿಸುವುದು ಕಷ್ಟ.
- ಮಗು ಬಟನ್ ಬ್ಯಾಟರಿ ನುಂಗಿದರೆ ಅಥವಾ ಮೂಗಿಗೆ ಹಾಕಿಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅದು ಕೆಲವೇ ಗಂಟೆಗಳಲ್ಲಿ ಒಳಗೆ ಸುಟ್ಟುಬಿಡುತ್ತದೆ.
- ಸಕ್ಕರೆ ಕಾಯಿಲೆಯವರಿಗೆ ಮುಖದ ಒಂದು ಬದಿ ನೋವು, ಮೂಗಿನಿಂದ ಕಪ್ಪು ಸ್ರಾವ, ಕಣ್ಣು ಊತ ಬಂದರೆ ಎಚ್ಚರ. 2021ರಲ್ಲಿ ಕೋವಿಡ್ ಜೊತೆ ಬಂದ ಕಪ್ಪು ಶಿಲೀಂಧ್ರದ ಲಕ್ಷಣಗಳು ಇವೇ.

ಎಲ್ಲಿಗೆ ಹೋಗುವುದು?

ಕೊಡಿಕೊಂಡ ಕಡೆಯವರಿಗೆ ಹಿಂದೂಪುರದ ಸರ್ಕಾರಿ ಜಿಲ್ಲಾಸ್ಪತ್ರೆ ಹತ್ತಿರ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಶ್ರೀ ವೆಂಕಟೇಶ್ವರ ಇಎನ್‌ಟಿ ಸಂಸ್ಥೆ ಇದೆ. ಮಂಗಳೂರಿನವರಿಗೆ ವೆನ್‌ಲಾಕ್ ಇದೆ. ಕಿವಿ ಕೇಳಿಸದ, ಮಾತು ಬಾರದ ಮಕ್ಕಳಿಗಾಗಿ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೆಲಸ ಮಾಡುತ್ತಿದೆ. ಹೋಗುವಾಗ ಆಧಾರ್, ರೇಷನ್ ಕಾರ್ಡ್, ಆರೋಗ್ಯ ಕಾರ್ಡ್ ಜೊತೆಗಿರಲಿ. ಆಂಧ್ರದ ಕಾರ್ಡ್ ಕರ್ನಾಟಕದ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಕೊನೆಯದಾಗಿ ಒಂದು ಲೆಕ್ಕ. ಹುಟ್ಟಿದ ಮಗುವಿಗೆ ಒಂದು ತಿಂಗಳೊಳಗೆ ಶ್ರವಣ ಪರೀಕ್ಷೆ ಆಗಬೇಕು, ದೋಷವಿದ್ದರೆ ಮೂರು ತಿಂಗಳೊಳಗೆ ಖಚಿತವಾಗಬೇಕು, ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಕೇಳದ ಮಗು ಮಾತು ಕಲಿಯುವುದಿಲ್ಲ. ಶಾಲೆಯಲ್ಲಿ ಹಿಂದೆ ಬಿದ್ದಾಗ "ದಡ್ಡ" ಎಂಬ ಹೆಸರೂ ಬರುತ್ತದೆ. ಹೊಡೆಯುವ ಮೊದಲು, ಬೈಯುವ ಮೊದಲು ಆ ಮಗುವಿನ ಕಿವಿ ಒಮ್ಮೆ ಪರೀಕ್ಷೆ ಮಾಡಿಸಿ.