ಪಡ್ರೆಯ ಮಕ್ಕಳು ಮತ್ತು ಒಂದು ವರದಿ

ಎಣ್ಮಕಜೆ ಪಂಚಾಯತಿನ ಪಡ್ರೆ ಗುಡ್ಡ, ತೋಡು, ಸುರಂಗಗಳ ಊರು. ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು. ಗೇರಿನ ಚಿಗುರು, ಹೂವುಗಳನ್ನು ಹಾಳುಮಾಡುವ ಟೀ ಸೊಳ್ಳೆಯನ್ನು ಕೊಲ್ಲಲು 2000ದವರೆಗೆ, ಸುಮಾರು ಇಪ್ಪತ್ತು ವರ್ಷ, ಇಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. ಮಳೆ ಬಂದರೆ ಗುಡ್ಡದ ನೀರೆಲ್ಲ ಕೆಳಗಿನ ತೋಡಿಗೇ ಇಳಿಯುತ್ತದೆ. ಊರಿನಲ್ಲಿ ಕಾಯಿಲೆಗಳು ಹೆಚ್ಚುತ್ತಿರುವುದನ್ನು ವಾಣಿನಗರದ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಗಮನಿಸಿದರು. ಇದಕ್ಕೆ ಕಾರಣ ಆ ಔಷಧವೇ? ಊರವರಿಗೆ ಸಂಶಯ ಬಂತು. ಸಂಶಯವಷ್ಟೇ ಸಾಕೇ? ಸಾಲದು, ಪರೀಕ್ಷಿಸಿ ನೋಡಬೇಕು.

2001ರಲ್ಲಿ ಎರಡು ವರದಿಗಳು ಬಂದವು. ದೆಹಲಿಯ ಸಂಸ್ಥೆಯೊಂದು ಇಲ್ಲಿನ ನೀರು, ಮಣ್ಣು, ರಕ್ತ ಮುಂತಾದವುಗಳನ್ನು ಪರೀಕ್ಷಿಸಿ, ಎಂಡೋಸಲ್ಫಾನ್ ಬಹಳ ಇದೆ ಎಂದಿತು. ತಮಿಳುನಾಡಿನ ಪ್ರಯೋಗಾಲಯವೊಂದು ಹಾಗೇನೂ ಇಲ್ಲ ಎಂದಿತು. ಈ ಎರಡನೆಯ ಪರೀಕ್ಷೆಯನ್ನು ಮಾಡಿಸಿದವರು ಪ್ಲಾಂಟೇಶನ್ ಕಾರ್ಪೊರೇಶನ್ನಿನವರು. ಹಣ ಕೊಟ್ಟವರಿಗೆ ಬೇಕಾದಂತೆಯೇ ಎಲ್ಲರೂ ಬರೆಯುತ್ತಾರೆಂದು ಇದರ ಅರ್ಥವಲ್ಲ. ಆದರೆ ಹಣ ಯಾರದೆಂಬುದು ಓದುವವರಿಗೆ ತಿಳಿದಿರಬೇಡವೇ?

ಇಂಥ ಸಮಯದಲ್ಲಿ ಸಂಶೋಧನಾ ಪತ್ರಿಕೆಗಳು ನೆರವಿಗೆ ಬರುತ್ತವೆ. ಇವು ನಮ್ಮ ಮನೆಗೆ ಬರುವ ದಿನಪತ್ರಿಕೆಯಂತಲ್ಲ. ವಿಜ್ಞಾನಿಗಳು ತಾವು ಕಂಡುಕೊಂಡದ್ದನ್ನು ಇವುಗಳಲ್ಲಿ ಪ್ರಕಟಿಸುತ್ತಾರೆ. ತೆಂಗು, ಅಡಿಕೆ, ಗೇರು ಮುಂತಾದ ಬೆಳೆಗಳ ಕುರಿತಾದ ಇಂಥ ಪತ್ರಿಕೆಯೊಂದು ನಮ್ಮ ಕಾಸರಗೋಡಿನಿಂದಲೇ ಹೊರಡುತ್ತಿದೆ.

ನೀವು ಬರೆದ ಉತ್ತರಕ್ಕೆ ನೀವೇ ಅಂಕ ಹಾಕಿಕೊಂಡರೆ ಹೇಗಿರುತ್ತದೆ? ಅದಕ್ಕೇ ಸಂಪಾದಕರು ಬಂದ ಲೇಖನವನ್ನು ಅದೇ ವಿಷಯ ಬಲ್ಲ ಬೇರೆ ತಜ್ಞರಿಗೆ ಕಳುಹಿಸುತ್ತಾರೆ. ಎಷ್ಟು ಮಂದಿಯನ್ನು ಪರೀಕ್ಷಿಸಿದಿರಿ? ಹೇಗೆ ಪರೀಕ್ಷಿಸಿದಿರಿ? ಬೇರೆ ಕಾರಣವಿರಬಹುದೇ? ತಜ್ಞರು ಹೀಗೆ ಕೇಳುತ್ತಾರೆ. ಉತ್ತರ ಸರಿಯಿಲ್ಲದಿದ್ದರೆ ಲೇಖನ ಹಿಂದಕ್ಕೆ ಬರುತ್ತದೆ. ಹಣ ಕೊಟ್ಟವರು ಯಾರು, ಬರೆದವರಿಗೆ ಅದರಿಂದ ಲಾಭವಿದೆಯೇ ಎಂಬುದನ್ನೂ ತಿಳಿಸಬೇಕು. ಅಚ್ಚಾದ ಮೇಲೆ ಮೋಸ ಗೊತ್ತಾದರೆ ಲೇಖನವನ್ನು ಹಿಂದೆಗೆದುಕೊಂಡು, ಹಾಗೆಂದು ಎಲ್ಲರಿಗೂ ಸಾರಬೇಕು. ದುಡ್ಡು ಸಿಕ್ಕಿದರೆ ಏನನ್ನೂ ನೋಡದೆ ಅಚ್ಚು ಹಾಕುವ ಪತ್ರಿಕೆಗಳೂ ಇವೆಯೆನ್ನಿ! ದೊಡ್ಡ ಹೆಸರನ್ನು ಮಾತ್ರ ನೋಡಿ ನಂಬುವಂತಿಲ್ಲ.

ಪಡ್ರೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳೂ ಬಂದಿದ್ದರು. ಅವರು ಇಲ್ಲಿನ ಶಾಲೆಗೆ ಹೋಗುವ 117 ಹುಡುಗರನ್ನು ಪರೀಕ್ಷಿಸಿದರು. ಔಷಧ ಸಿಂಪಡಿಸದ ಬೇರೊಂದು ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. ಹೋಲಿಸಿ ನೋಡದೆ ಏನನ್ನೂ ಹೇಳುವಂತಿಲ್ಲವಷ್ಟೆ. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಾಗಿತ್ತು. ಅವರು ಬೆಳೆದು ದೊಡ್ಡವರಾಗುವುದನ್ನು ಅದು ತಡಮಾಡಬಹುದು ಎಂದು ವಿಜ್ಞಾನಿಗಳು ಬರೆದರು. 2003ರಲ್ಲಿ ಅಮೆರಿಕದ 'ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್' ಎಂಬ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಆ ಲೇಖನದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಚಿಕ್ಕ ಮಾತು. ನಾವು ಪರೀಕ್ಷಿಸಿದ ಮಕ್ಕಳ ಸಂಖ್ಯೆ ಕಡಿಮೆ, ಕೆಲವರು ಪರೀಕ್ಷೆಗೆ ಬರಲಿಲ್ಲ, ಇದು ನಮ್ಮ ಅಧ್ಯಯನದ ಮಿತಿ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಆದರೂ 2004ರಲ್ಲಿ ಲೇಖನವನ್ನು ಟೀಕಿಸಿ ಪತ್ರಗಳು ಬಂದವು. ಪತ್ರಿಕೆ ಅವನ್ನು ಬಚ್ಚಿಡಲಿಲ್ಲ. ಟೀಕೆಯನ್ನೂ ವಿಜ್ಞಾನಿಗಳ ಉತ್ತರವನ್ನೂ ಅಚ್ಚು ಹಾಕಿತು. ಯಾವುದು ಸರಿ ಎಂಬುದನ್ನು ಓದುವವರೇ ತೂಗಿ ನೋಡಬಹುದಾಯಿತು.

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಪಡ್ರೆಯ ಆ ವರದಿ ಈಗಲೂ ಅಂತರ್ಜಾಲದಲ್ಲಿದೆ, ಹಣ ಕೊಡದೆ ಯಾರೂ ಓದಬಹುದು. ಬರೆದವರ ಹೆಸರು, ಪರೀಕ್ಷಿಸಿದ ವಿಧಾನ, ಸಿಕ್ಕಿದ ಅಂಕಿಗಳು ಎಲ್ಲವೂ ಅದರಲ್ಲಿವೆ. ಮಕ್ಕಳ ಹೆಸರು ಮಾತ್ರ ಒಂದೂ ಇಲ್ಲ. ರಕ್ತ ಕೊಟ್ಟವರ ಗುರುತು ಬಯಲಾಗಬಾರದೆಂಬುದೂ ಇಂಥ ಪತ್ರಿಕೆಗಳ ನಿಯಮವೇ.