ಕ್ಯಾರವಾನ್ ಬಿಚ್ಚಿಟ್ಟು ನೋಡಬೇಕಾದ ಊರು ಡೆನಮ್

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಿಂದ ಉತ್ತರಕ್ಕೆ ಸುಮಾರು 830 ಕಿ.ಮೀ. ದೂರದಲ್ಲಿ, ಶಾರ್ಕ್ ಬೇ ಎಂಬ ಕೊಲ್ಲಿಯ ದಡದಲ್ಲಿ ಡೆನಮ್ ಇದೆ. ಆ ಖಂಡದ ಮುಖ್ಯ ಭೂಭಾಗದಲ್ಲಿ ಸಾರ್ವಜನಿಕರು ಹೋಗಬಹುದಾದ ಊರುಗಳಲ್ಲಿ ಇದಕ್ಕಿಂತ ಪಶ್ಚಿಮದ್ದು ಇನ್ನೊಂದಿಲ್ಲ. ಜನಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ. ಇಷ್ಟು ದೂರ ಹೋದವರಲ್ಲಿ ಹಲವರು ಒಂದೇ ರಾತ್ರಿ ತಂಗಿ, ಡಾಲ್ಫಿನ್ ನೋಡಿ, ಗಾಡಿ ಹೂಡಿ ಹೊರಟುಬಿಡುತ್ತಾರೆ. ಪರ್ತ್‌ನಲ್ಲಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮ ಹಿರಿಯರಿಗಾಗಲಿ, ಅಲ್ಲೇ ನೆಲೆಸಿದ ಕನ್ನಡಿಗರಿಗಾಗಲಿ ನನ್ನ ಸಲಹೆ ಒಂದೇ: ಕನಿಷ್ಠ ಎರಡು ರಾತ್ರಿ ಇರಿ. ನಡುವಿನ ಒಂದು ಇಡೀ ದಿನ ಕ್ಯಾರವಾನ್ ಅಲುಗಾಡಬಾರದು. ಈ ಊರು ಅರ್ಥವಾಗುವುದು ಆ ದಿನದಲ್ಲೇ.

ಹೊರಡುವ ಮುನ್ನ: ತೂಕದ ಲೆಕ್ಕ

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾರವಾನ್ ರಸ್ತೆಯಲ್ಲಿ ನೆಟ್ಟಗೆ ಸಾಗುವುದು ಅದರ ತೂಕ ಎಲ್ಲಿ ಕುಳಿತಿದೆ ಎಂಬುದನ್ನು ಅವಲಂಬಿಸಿದೆ. ಸಾಮಾನು ತುಂಬಿದ ಕ್ಯಾರವಾನ್‌ನ ಒಟ್ಟು ತೂಕದಲ್ಲಿ ಸುಮಾರು ಹತ್ತನೇ ಒಂದು ಪಾಲು ಕಾರಿನ ಕೊಂಡಿಯ ಮೇಲೆ ಬೀಳಬೇಕು. ಹಿಂಭಾಗದಲ್ಲಿ ಭಾರ ಹೆಚ್ಚಾದರೆ ಗಾಳಿ ಬೀಸಿದಾಗ ಕ್ಯಾರವಾನ್ ಬಾಲದಂತೆ ತೂಗಾಡತೊಡಗುತ್ತದೆ. ಆದ್ದರಿಂದ ಭಾರವಾದ ವಸ್ತುಗಳನ್ನು ಚಕ್ರಗಳ ಅಚ್ಚಿನ ಹತ್ತಿರ, ನೆಲಮಟ್ಟದಲ್ಲಿ ಇಡಿ. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕ. ತೊಟ್ಟಿ ತುಂಬಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮಲ್ಲಿಯಂತೆ ಅಲ್ಲಿಯೂ ರಸ್ತೆಯ ಎಡಬದಿಯಲ್ಲೇ ವಾಹನ ಓಡಿಸುವುದು. ಆದರೆ ಎರಡು ಮೂರು ಟ್ರೇಲರ್ ಎಳೆಯುವ 'ರೋಡ್ ಟ್ರೇನ್' ಲಾರಿಗಳು ನಮಗೆ ಹೊಸತು. ಅವು ದಾಟಿ ಹೋಗುವಾಗ ಗಾಳಿ ಕ್ಯಾರವಾನನ್ನು ತಳ್ಳುತ್ತದೆ. ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಕಾಂಗರೂ, ಎಮು ರಸ್ತೆಗೆ ಬರುತ್ತವೆ. ಬಿಸಿಲಿರುವಾಗಲೇ ಊರು ಸೇರುವಂತೆ ಹೊರಡಿ. ಹೆದ್ದಾರಿ ಬಿಟ್ಟು ತಿರುಗುವ ಓವರ್‌ಲ್ಯಾಂಡರ್ ರೋಡ್‌ಹೌಸ್‌ನಿಂದ ಡೆನಮ್‌ಗೆ ಇನ್ನೂ ಸುಮಾರು 130 ಕಿ.ಮೀ. ಇದೆ, ಇಂಧನ ನೋಡಿಕೊಳ್ಳಿ.

ಹಿಂದಿನ ಸಂಜೆ: ಗಾಡಿ ಬಿಚ್ಚುವ ಕ್ರಮ

ಮೊದಲು ಎಡ-ಬಲ ಮಟ್ಟ ನೋಡಿ. ತಗ್ಗಿನ ಬದಿಯ ಚಕ್ರವನ್ನು ಹಲಗೆಯ ಮೇಲೆ ಹತ್ತಿಸಿ. ನಂತರ ಕ್ಯಾರವಾನ್‌ನ ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಅಡೆ ಕೊಡಿ. ಇಷ್ಟಾದ ಮೇಲೆಯೇ ಮುಂದಿನ ಪುಟ್ಟ ಚಕ್ರವನ್ನು ಇಳಿಸಿ, ಸರಪಳಿ ಮತ್ತು ವಿದ್ಯುತ್ ತಂತಿ ಕಳಚಿ, ಕೊಂಡಿ ಬಿಡಿಸಿ ಕಾರನ್ನು ಮುಂದಕ್ಕೆ ತೆಗೆಯಬೇಕು. ಕೊನೆಗೆ ನಾಲ್ಕು ಮೂಲೆಯ ಕಾಲುಗಳು. ಅವು ಅಲುಗಾಟ ತಡೆಯಲಿಕ್ಕೆ ಮಾತ್ರ, ಭಾರ ಎತ್ತಲಿಕ್ಕಲ್ಲ. ಗ್ಯಾಸ್‌ನಲ್ಲಿಯೂ ನಡೆಯುವ ಫ್ರಿಜ್ ಇದ್ದರೆ ಮಟ್ಟ ಇನ್ನೂ ಮುಖ್ಯ. ವಾಲಿ ನಿಂತರೆ ಅದು ಸರಿಯಾಗಿ ತಂಪಾಗುವುದಿಲ್ಲ.

ಕ್ಯಾರವಾನ್ ಪಾರ್ಕಿನ ವಿದ್ಯುತ್ ಪ್ಲಗ್ 15 ಆಂಪಿಯರಿನದು. ಮನೆಯ 10 ಆಂಪಿಯರ್ ಸಾಕೆಟ್ಟಿಗೆ ಅದು ಕೂರುವುದಿಲ್ಲ. ಶೌಚದ ಡಬ್ಬಿಯನ್ನು ಅದಕ್ಕೆಂದೇ ಇರುವ ಗುಂಡಿಯಲ್ಲಿ ಮಾತ್ರ ಖಾಲಿ ಮಾಡಬೇಕು. ಡೆನಮ್‌ನಲ್ಲಿ ಸಿಹಿನೀರೆಂದರೆ ಉಪ್ಪು ತೆಗೆದು ಶುದ್ಧಮಾಡಿದ ನೀರು, ಆದ್ದರಿಂದ ಪ್ರತಿ ಹನಿಗೂ ಬೆಲೆಯಿದೆ. ಕ್ಯಾರವಾನ್ ತೊಳೆಯುವ ಯೋಚನೆಯನ್ನು ಮನೆಗೆ ಮರಳುವವರೆಗೆ ಮುಂದೂಡಿ. ಊರಿನಲ್ಲಿ ಗಾಳಿ ಜೋರು. ಹೊರಡುವಾಗ ನೆರಳಿನ ಚಪ್ಪರವನ್ನು ಸುತ್ತಿಟ್ಟೇ ಹೊರಡಿ.

ಬೆಳಿಗ್ಗೆ: ಮಂಕಿ ಮಿಯಾ

ಕಾರೊಂದನ್ನೇ ತೆಗೆದುಕೊಂಡು 25 ಕಿ.ಮೀ. ಹೋದರೆ ಮಂಕಿ ಮಿಯಾ. ಇಲ್ಲಿ ಕಾಡು ಡಾಲ್ಫಿನ್‌ಗಳು ಮೊಣಕಾಲುದ್ದದ ನೀರಿಗೇ ಬರುತ್ತವೆ. 1960ರ ದಶಕದಲ್ಲಿ ಮೀನುಗಾರರು ಮೀನು ಕೊಡುತ್ತಿದ್ದುದರಿಂದ ಬೆಳೆದ ರೂಢಿ ಇದು. ಲೆಕ್ಕವಿಲ್ಲದೆ ತಿನ್ನಿಸಿದ ಕಾಲದಲ್ಲಿ ತಾಯಂದಿರು ದಡದಲ್ಲೇ ಉಳಿದು, ಮರಿಗಳು ಹೆಚ್ಚಾಗಿ ಸಾಯುತ್ತಿದ್ದವು. ಅದಕ್ಕೇ ಈಗ ಕಟ್ಟುನಿಟ್ಟು: ಬೆಳಿಗ್ಗೆ 7.45ರಿಂದ ಮಧ್ಯಾಹ್ನದೊಳಗೆ ಹೆಚ್ಚೆಂದರೆ ಮೂರು ಬಾರಿ, ಆಯ್ದ ಕೆಲವು ಹೆಣ್ಣು ಡಾಲ್ಫಿನ್‌ಗಳಿಗೆ ಮಾತ್ರ, ಬೇಟೆಯ ಅಭ್ಯಾಸ ತಪ್ಪದಷ್ಟು ಮೀನು. ಮುಟ್ಟುವಂತಿಲ್ಲ. ಮೊದಲ ಸರದಿ ಮುಗಿದೊಡನೆ ಜನ ಚದುರುತ್ತಾರೆ, ನೀವು ಉಳಿಯಿರಿ. ಎರಡನೆಯ ಸರದಿಯಿದ್ದರೆ ನೋಡಲು ಹೆಚ್ಚು ಜಾಗ, ಹೆಚ್ಚು ಹೊತ್ತು ಸಿಗುತ್ತದೆ.

ಮಧ್ಯಾಹ್ನ: ಹುಲ್ಲು ಕಟ್ಟಿದ ಕೊಲ್ಲಿ

ಊರಿಗೆ ಮರಳಿ ಊಟ ಮಾಡಿ, ಕಡಲಂಚಿನ ವಿಶ್ವ ಪರಂಪರೆ ಮಾಹಿತಿ ಕೇಂದ್ರಕ್ಕೆ ಹೋಗಿ. ಶಾರ್ಕ್ ಬೇ 1991ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದೇಕೆ ಎಂದು ಅಲ್ಲಿ ತಿಳಿಯುತ್ತದೆ. ಎಲ್ಲದರ ಬುಡದಲ್ಲಿರುವುದು ಕಡಲಹುಲ್ಲು. ಇಲ್ಲಿನ ಹುಲ್ಲುಗಾವಲಿನಲ್ಲಿ ಸುಮಾರು 180 ಕಿ.ಮೀ. ಹರಡಿರುವ ಒಂದೇ ಗಿಡವನ್ನು ವಿಜ್ಞಾನಿಗಳು 2022ರಲ್ಲಿ ಗುರುತಿಸಿದರು. ಅದರ ವಯಸ್ಸು ಕನಿಷ್ಠ 4,500 ವರ್ಷವೆಂದು ಅಂದಾಜು. ಈ ಹುಲ್ಲು ಮೇಯುವ ಡ್ಯೂಗಾಂಗ್, ಅಂದರೆ ಕಡಲಹಸುಗಳು, ಇಲ್ಲಿ ಹತ್ತು ಸಾವಿರದಷ್ಟಿವೆ ಎನ್ನಲಾಗುತ್ತದೆ.

ಹುಲ್ಲು ಇನ್ನೊಂದು ಕೆಲಸವನ್ನೂ ಮಾಡಿದೆ. ಅದರ ಬೇರು, ಎಲೆಗಳಲ್ಲಿ ಸಿಕ್ಕ ಹೂಳು ಸಾವಿರಾರು ವರ್ಷ ಶೇಖರವಾಗಿ ನೀರಿನಡಿ ದಿಬ್ಬವಾಯಿತು. ಕೊಲ್ಲಿಯ ದಕ್ಷಿಣದ ಹ್ಯಾಮಲಿನ್ ಪೂಲ್‌ಗೆ ಆ ದಿಬ್ಬ ಹೊಸ್ತಿಲಿನಂತೆ ಅಡ್ಡ ಬಿದ್ದಿದೆ. ಮಳೆ ಕಡಿಮೆ, ಬಿಸಿಲು ವಿಪರೀತ. ಒಳಗಿನ ನೀರು ಆವಿಯಾಗುತ್ತ, ಉಪ್ಪು ಸಾಮಾನ್ಯ ಸಮುದ್ರಕ್ಕಿಂತ ಎರಡು ಪಟ್ಟಾಯಿತು. ಆ ಉಪ್ಪಿಗೆ ಬಸವನಹುಳುವಿನಂಥ ಮೇಯುವ ಜೀವಿಗಳು ಹೆಚ್ಚು ಉಳಿಯುವುದಿಲ್ಲ. ಹೀಗಾಗಿ ಸೂಕ್ಷ್ಮಜೀವಿಗಳ ಪದರಗಳು ಯಾರ ಕಾಟವೂ ಇಲ್ಲದೆ ಕಲ್ಲಿನ ದಿಮ್ಮಿಗಳಾಗಿ ಬೆಳೆದವು. ಇವೇ ಸ್ಟ್ರೋಮಟೊಲೈಟ್‌ಗಳು. ವರ್ಷಕ್ಕೆ ಅರ್ಧ ಮಿಲಿಮೀಟರ್ ಬೆಳೆದರೂ ಹೆಚ್ಚೇ. ಭೂಮಿಯ ಗಾಳಿಗೆ ಆಮ್ಲಜನಕ ತುಂಬಿದ್ದು ಇಂಥವುಗಳ ಪೂರ್ವಜರು. ಆ ಜಾಗ ಡೆನಮ್‌ನಿಂದ ಸುಮಾರು ನೂರು ಕಿ.ಮೀ. ಇರುವುದರಿಂದ ಬರುವ ಅಥವಾ ಮರಳುವ ದಿನಕ್ಕೆ ಇಟ್ಟುಕೊಳ್ಳಿ. ಅಲ್ಲಿನ ಮರದ ನಡೆಹಾದಿಯನ್ನು 2021ರ ಸೆರೋಜಾ ಚಂಡಮಾರುತ ಹಾಳುಗೆಡವಿತು. ಏನು ತೆರೆದಿದೆಯೆಂದು ಮಾಹಿತಿ ಕೇಂದ್ರದಲ್ಲೇ ಕೇಳಿಕೊಳ್ಳಿ.

ಇಳಿಹೊತ್ತು: ಚಿಪ್ಪಿನ ದಡ, ಚಿಪ್ಪಿನ ಗೋಡೆ

ದಕ್ಷಿಣಕ್ಕೆ ಸುಮಾರು 45 ಕಿ.ಮೀ. ಹೋದರೆ ಶೆಲ್ ಬೀಚ್. ಕಾಲಡಿ ಮರಳಿಲ್ಲ, ಬೆರಳುಗುರಿನಷ್ಟು ಗಾತ್ರದ ಬಿಳಿ ಕಪ್ಪೆಚಿಪ್ಪುಗಳೇ, ಕೆಲವೆಡೆ ಹಲವು ಮೀಟರ್ ಆಳದವರೆಗೆ. ಉಪ್ಪು ತಾಳುವ ಒಂದೇ ಜಾತಿಯ ಚಿಪ್ಪುಜೀವಿ, ಅದನ್ನು ತಿನ್ನುವವರಿಲ್ಲದೆ, ಕೋಟಿಗಟ್ಟಲೆ ಬೆಳೆದ ಫಲ ಇದು. ನಮ್ಮ ಕರಾವಳಿಯವರು ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಅದೇ ಕ್ಯಾಲ್ಸಿಯಂ ಕಾರ್ಬೊನೇಟ್ ಇಲ್ಲಿ ಮಳೆನೀರಿನಲ್ಲಿ ಕರಗಿ ಚಿಪ್ಪುಗಳನ್ನು ತಾನೇ ಬೆಸೆದಿದೆ. ಆ ಗಟ್ಟಿ ಪದರವನ್ನು ಗರಗಸದಿಂದ ಇಟ್ಟಿಗೆಯಾಗಿ ಕೊಯ್ದು ಕಟ್ಟಿದ ಚರ್ಚು ಡೆನಮ್‌ನಲ್ಲಿದೆ. ಗೋಡೆಯ ಹತ್ತಿರ ನಿಂತರೆ ಒಂದೊಂದು ಚಿಪ್ಪೂ ಕಾಣುತ್ತದೆ. ದಡದಿಂದ ಚಿಪ್ಪು ಎತ್ತಿಕೊಳ್ಳಬೇಡಿ.

ಮರಳುವಾಗ ಈಗಲ್ ಬ್ಲಫ್ ದಿಣ್ಣೆಯಲ್ಲಿ ದುರ್ಬೀನು ಹಿಡಿದು ಅರ್ಧ ಗಂಟೆ ನಿಲ್ಲಿ. ಕೆಳಗಿನ ತಿಳಿನೀರಿನಲ್ಲಿ ತೊರಕೆ, ಶಾರ್ಕ್, ಅದೃಷ್ಟವಿದ್ದರೆ ಕಡಲಹಸು ಹಾದುಹೋಗುತ್ತವೆ. ಮೊದಲ ಐದು ನಿಮಿಷ ಏನೂ ಕಾಣದು. ಹುಲ್ಲಿನ ಕಪ್ಪು ಮತ್ತು ನೆರಳಿನ ಕಪ್ಪು ಬೇರೆಯೆಂದು ಕಣ್ಣಿಗೆ ತಿಳಿಯಲು ಹೊತ್ತು ಬೇಕು.

ಯಾವಾಗ ಹೋಗಬೇಕು

ಮೇಯಿಂದ ಅಕ್ಟೋಬರ್‌ವರೆಗೆ ಹವೆ ಹಿತ. ಬೇಸಿಗೆಯಲ್ಲಿ ಸೆಕೆಯ ಜೊತೆಗೆ ದಕ್ಷಿಣದ ಗಾಳಿ ಬಿಡದೆ ಬೀಸುತ್ತದೆ. ಶಾಲಾ ರಜೆಯಲ್ಲಿ ಪಾರ್ಕುಗಳು ತುಂಬಿರುತ್ತವೆ, ಮುಂಗಡ ಕಾದಿರಿಸಿ. ಹತ್ತಿರದ ಫ್ರಾನ್ಸ್ವಾ ಪೆರೊನ್ ರಾಷ್ಟ್ರೀಯ ಉದ್ಯಾನವನ್ನೂ ಸೇರಿಸಿಕೊಳ್ಳುವುದಾದರೆ, ಅದರ ಒಳಭಾಗಕ್ಕೆ ಎತ್ತರದ ಫೋರ್ ವೀಲ್ ಡ್ರೈವ್ ಬೇಕೇ ಬೇಕು.

ಒಂದು ದಿನದಲ್ಲಿ ಇಷ್ಟನ್ನು ನೋಡಿದರೆ ಸಾಕೇ ಎಂದು ಕೇಳುವವರಿಗೆ ನನ್ನ ಉತ್ತರ: ಇದರಲ್ಲೂ ಒಂದನ್ನು ಬಿಡಿ. ಹುಲ್ಲು, ಉಪ್ಪು, ಚಿಪ್ಪು, ಕಲ್ಲು ಒಂದಕ್ಕೊಂದು ಹೇಗೆ ಹೆಣೆದಿವೆಯೆಂದು ಮನಸ್ಸಿಗೆ ಬಂದರೆ ಮೂರು ಜಾಗ ಸಾಕು. ಬರದಿದ್ದರೆ ಮೂವತ್ತು ಜಾಗವೂ ಬರೀ ಫೋಟೊ.