ಗ್ರೀಸ್‌ನಲ್ಲಿ ‘ನೇ’ ಅಂದ್ರೆ ‘ಹೌದು’!

ಅಥೆನ್ಸ್‌ನಲ್ಲಿ ನಾನು ಮಾಡ್ಕೊಂಡ ಎಡವಟ್ಟಿನಿಂದಲೇ ಇವತ್ತಿನ ಸಂಚಿಕೆ ಶುರು ಮಾಡ್ತೀನಿ. ಬಸ್ ನಿಲ್ದಾಣದಲ್ಲಿ ಡ್ರೈವರ್‌ನ ‘ಡೆಲ್ಫಿ?’ ಅಂತ ಕೇಳಿದೆ. ಅವರು ‘ನೇ, ನೇ’ ಅಂದ್ರು. ‘ನೋ’ ಅಂತಿದ್ದಾರೆ ಅಂದುಕೊಂಡು ಪಕ್ಕಕ್ಕೆ ಸರಿದು ನಿಂತೆ. ಕಣ್ಣೆದುರೇ ಬಸ್ ಹೊರಟುಹೋಯ್ತು.

ಗ್ರೀಕ್‌ನಲ್ಲಿ ‘ನೇ’ ಅಂದ್ರೆ ಹೌದು. ಇಲ್ಲ ಅನ್ನೋಕೆ ‘ಓಹಿ’. ಎಷ್ಟೋ ಸಲ ಆ ಮಾತೂ ಬರಲ್ಲ. ಗಲ್ಲ ಮೇಲೆತ್ತಿ, ಹುಬ್ಬು ಏರಿಸಿ, ‘ತ್ಚ್’ ಅಂತ ಲೊಚಗುಟ್ಟುತ್ತಾರೆ, ಅಷ್ಟೇ. ‘ಊಟ ಆಯ್ತಾ?’ ಅಂದ್ರೆ ನಮ್ಮಲ್ಲೂ ‘ಚ್’ ಅನ್ನೋರಿದ್ದಾರಲ್ಲ, ಹಾಗೇ. ಈ ‘ಓಹಿ’ ಹೆಸರಲ್ಲಿ ಅಲ್ಲಿ ರಾಷ್ಟ್ರೀಯ ರಜೆಯೂ ಇದೆ. 1940ರ ಅಕ್ಟೋಬರ್ 28ರಂದು, ತನ್ನ ಸೇನೆಯನ್ನ ಒಳಗೆ ಬಿಡಿ ಅಂತ ಮುಸೊಲಿನಿ ಹಾಕಿದ ಬೆದರಿಕೆಗೆ ಗ್ರೀಸ್ ಬಗ್ಗಲಿಲ್ಲ. ಅದರ ನೆನಪಿಗೆ ಈ ರಜೆ.

ಮುಂದಿನ ಬಸ್ಸಿಗೆ ಕಾಯ್ತಾ ಕಾಫಿಗೆ ಕೂತೆ. ದರ್ಶಿನಿಯ ಬೈಟು ಥರ ನಿಂತಲ್ಲೇ ಮುಗಿಸೋ ಕಾಫಿ ಅಲ್ಲ ಅದು. ಐಸ್ ಹಾಕಿದ, ಮೇಲೆ ನೊರೆ ಇರೋ ‘ಫ್ರೆಡೊ ಎಸ್ಪ್ರೆಸೊ’ ಒಂದು ಲೋಟ ಮುಂದಿಟ್ಕೊಂಡು ಗಂಟೆಗಟ್ಟಲೆ ಹರಟ್ತಾರೆ. ಯಾರೂ ಎಬ್ಬಿಸಲ್ಲ. ಪಕ್ಕದ ಮೇಜಿನ ಹಿರಿಯರೊಬ್ಬರು ಹರಕುಮುರುಕು ಇಂಗ್ಲಿಷಲ್ಲಿ ಮಾತಿಗೆಳೆದರು. 2015ರ ಬಿಕ್ಕಟ್ಟಿನಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದ್ದವು, ಎಟಿಎಂನಲ್ಲಿ ದಿನಕ್ಕೆ 60 ಯೂರೊ ಮಾತ್ರ ಸಿಗ್ತಿತ್ತು. ಅವರೂ ಆ ಸಾಲಲ್ಲಿ ನಿಂತವರೇ. ಪಿಂಚಣಿ ಕಡಿತ ಆಯ್ತು. ಕೆಲಸ ಹುಡುಕಿ ಜರ್ಮನಿಗೆ ಹೋದ ಮಗ ಅಲ್ಲೇ ಉಳಿದ.

ಬಿಲ್ ಕೇಳಿದ್ರೆ, ಅವರು ಆಗಲೇ ಕೊಟ್ಟಾಗಿತ್ತು! ನಾನು ಪರ್ಸ್ ತೆಗೆದೆ. ಗಲ್ಲ ಮೇಲೆತ್ತಿ, ‘ತ್ಚ್’.

ಹೀಗೆ ಪ್ರೀತಿಯಿಂದ ಕೊಡಿಸೋದಕ್ಕೆ ‘ಕೇರಸ್ಮ’ ಅಂತಾರೆ. ಪರಊರಿನವರು, ಗುರುತಿಲ್ಲದವರು ‘ಕ್ಸೆನೊಸ್’. ಅತಿಥಿ ಸತ್ಕಾರಕ್ಕಿರೋ ‘ಫಿಲೊಕ್ಸೆನಿಯಾ’ ಪದ ಹುಟ್ಟಿದ್ದೂ ಅದರಿಂದಲೇ. ಗುರುತಿಲ್ಲದವರ ಮೇಲಿನ ಪ್ರೀತಿ ಅಂತ ಅದರ ಅರ್ಥ.

ಆದ್ರೆ ಅತಿಥಿಗೂ ಹೊಣೆ ಇದೆ ಕಣ್ರೀ. ನನ್ನಂಥ ಪ್ರವಾಸಿಗಳಿಗೆ ದಿನಬಾಡಿಗೆಗೆ ಮನೆ ಕೊಡೋದು ಹೆಚ್ಚಾಗಿ, ಅಥೆನ್ಸ್‌ನ ಎಷ್ಟೋ ಬೀದಿಗಳಲ್ಲಿ ಊರಿನವರಿಗೇ ಬಾಡಿಗೆ ಕೈಗೆಟುಕ್ತಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ 3ರಿಂದ 5.30ರವರೆಗೆ ವಿಶ್ರಾಂತಿ ಹೊತ್ತು. ಪಕ್ಕದ ಮನೆಯಲ್ಲಿ ಮಲಗಿರ್ತಾರೆ, ಆಗ ಜೋರಾಗಿ ಹಾಡು ಹಾಕ್ಬೇಡಿ. ನಾಲ್ಕು ಪದ ಕಲಿತು ಹೋಗಿ. ‘ಎಫಹರಿಸ್ತೊ’ ಅಂದ್ರೆ ಧನ್ಯವಾದ. ಆ ಹಿರಿಯರಿಗೆ ನಾನು ಹೇಳೋಕೆ ಆಗಿದ್ದು ಅದೊಂದೇ.

ಬಸ್ ಬಂತು. ‘ಡೆಲ್ಫಿ?’ ಅಂದೆ. ‘ನೇ!’ ಅಂದ್ರು. ಈ ಸಲ ಹತ್ತಿಬಿಟ್ಟೆ.